ಅಪ್ಪಣೆ ಕೊಟ್ಟವರು ಎದ್ದು ನಿಲ್ಲಬೇಕು

ತುರ್ಭೆ
2 ಡಿಸೆಂಬರ್ 2024

ಅಮ್ಮಾ,

ಕಾಗದ ನೋಡಿ ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಿನ್ನ ಜೊತೆ ಜಗಳ ಮಾಡಲು ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಎರಡು ಮಾತು ಆಡುವಷ್ಟರಲ್ಲಿ ನಿನಗೆ ಆಸ್ಪತ್ರೆಯಿಂದ ಇನ್ನೊಂದು ಕಾಲ್ ಬರುತ್ತದೆ. ‘ಒಂದು ನಿಮಿಷ ಮಗಾ, ಹಾವೇರಿಯವರು’ ಅನ್ನುತ್ತೀ. ಆ ನಿಮಿಷ ಇವತ್ತಿನವರೆಗೆ ಮುಗಿದಿಲ್ಲ. ಕಾಗದ ಓದುವಾಗ ಹಾವೇರಿಯವರು ನಡುವೆ ಬರಲಾರರು.

ವಿಷಯ ಏನೆಂದರೆ, ವೀಡಿಯೊ ನೋಡಿದೆ. ನನ್ನ ರೂಮಿನಲ್ಲಿರುವ ಅಪ್ಪಿಯ ಮಾವ ನಿಮ್ಮ ಸಮಾಜದ ಗ್ರೂಪಿನಲ್ಲಿದ್ದಾರೆ. ಅವರು ಅವನಿಗೆ ಕಳಿಸಿದ್ದರು, ಅವನು ಊಟ ಮಾಡುತ್ತ ನನಗೆ ತೋರಿಸಿದ. ಈ ವರ್ಷದ ಪರಿಚಯ ಸಭೆ. ಅದೇ ಶಾಲೆಯ ಹಾಲ್, ಅದೇ ಕಿರಿಚುವ ಮೈಕ್. ನಿನ್ನದು ಸಣ್ಣ ತುಂಡು. ನೀನು ವೇದಿಕೆಯ ಮೇಲೆ ನಿಂತಿದ್ದೀ. ಕ್ಯಾಮೆರಾ ಜನರ ಕಡೆ ತಿರುಗುತ್ತದೆ. ಅಲ್ಲಿ ನೀನು ಮನೆಯಲ್ಲಿ ಇಟ್ಟುಕೊಂಡಿರುವ ಕೀರ್ತನ್ ಎದ್ದು ನಿಂತು ಕೈ ಮುಗಿಯುತ್ತಿದ್ದಾನೆ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ.

ಅವನು ಯಾಕೆ ಎದ್ದ ಎಂದು ಅಪ್ಪಿ ಕೇಳಿದ. ವಿವರಿಸಬೇಕಾಯಿತು. ಮುಂಬಯಿಯ ಕನ್ನಡದವರ ನಮ್ಮ ಪರಂಪರೆ ಮತ್ತು ಸೇವಾ ಸಮಾಜದಲ್ಲಿ ಗ್ರಂಥಾಲಯ, ನೀನು ನೋಡಿಕೊಳ್ಳುವ ಆಸ್ಪತ್ರೆ ಸೇವೆ, ಹೀಗೆ ಒಂದೊಂದು ವಿಭಾಗದ ಪ್ರಮುಖರು ವರ್ಷಕ್ಕೊಮ್ಮೆ ವೇದಿಕೆಗೆ ಬಂದು ಮೂರು ಮಾತು ಹೇಳಬೇಕು, ನನ್ನ ಹೆಸರು ಇದು, ನನ್ನ ಸೇವೆ ಇದು, ಇದಕ್ಕೆ ಮನೆಯಲ್ಲಿ ಅಪ್ಪಣೆ ಕೊಟ್ಟವರು ಇವರು ಎಂದು. ಹೆಸರು ಕರೆದ ಕೂಡಲೇ ಆ ಮನೆಯವರು ಎದ್ದು ನಿಲ್ಲಬೇಕು. ಯಾರೂ ಏಳದಿದ್ದರೆ ಆ ವರ್ಷ ಹುದ್ದೆ ಇಲ್ಲ. ಮನೆಯವರನ್ನು ಹಸಿವಿನಲ್ಲಿ ಕೂರಿಸಿ ಊರಿಗೆ ಬಡಿಸಬಾರದು ಎಂದು ಸಮಾಜ ಕಟ್ಟಿದ ಹಿರಿಯರು ಮಾಡಿದ ಪದ್ಧತಿ. ಇಷ್ಟು ಹೇಳಿದ ಮೇಲೆ ಅಪ್ಪಿ, ‘ಹಾಗಾದರೆ ಇವನು ನಿನ್ನ ತಮ್ಮನಾ?’ ಎಂದ. ನಾನು ತಟ್ಟೆ ಎತ್ತಿಕೊಂಡು ಹೊರಗೆ ಹೋದೆ.

ಅಪ್ಪ ಹೋದ ಮೇಲೆ ಪ್ರತಿ ವರ್ಷ ನೀನು ಕರೆದದ್ದು ನನ್ನ ಹೆಸರು. ಚಡ್ಡಿ ಹಾಕುವ ಕಾಲದಿಂದ ಎದ್ದು ನಿಂತಿದ್ದೇನೆ. ಹೋದ ವರ್ಷ ಎದ್ದು, ‘ನಾನು ಅಪ್ಪಣೆ ಕೊಟ್ಟಿಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ’ ಎಂದೆ. ಎಲ್ಲರ ಎದುರು ಹೇಳಬಾರದಿತ್ತು ಎಂಬುದು ನಿನ್ನ ಲೆಕ್ಕ. ಸುಳ್ಳಾಗಿದ್ದರೆ ಹೇಳಬಾರದಿತ್ತು. ಅಧ್ಯಕ್ಷರು, ನಮ್ಮ ಲೋಕನಾಥ ಮಾವ, ಹುಡುಗ ತಮಾಷೆ ಮಾಡಿದ ಎಂದು ನಗಿಸಿ ನಿನ್ನನ್ನೇ ಮುಂದುವರಿಸಿದರು. ಮನೆಗೆ ಬಂದು ನೀನು ಒಂದು ಮಾತು ಆಡಲಿಲ್ಲ. ಮರುದಿನ ನಾನು ಚೀಲ ಹಿಡಿದು ಹೊರಟೆ. ಆಗಲೂ ಆಡಲಿಲ್ಲ.

ನನ್ನ ಮಂಚದಲ್ಲಿ ಕೀರ್ತನ್ ಮಲಗುತ್ತಾನೆ. ಸರಿ, ಮಂಚ ಖಾಲಿ ಇಟ್ಟು ಮಾಡುವುದೇನು. ಅವತ್ತು ನನ್ನ ನೀಲಿ ಶರ್ಟು ಹಾಕಿದ್ದ. ಅದೂ ಸರಿ, ನನಗೆ ಈಗ ಭುಜದಲ್ಲಿ ಬಿಗಿ. ಆದರೆ ನಿನಗೆ ಅಪ್ಪಣೆ ಕೊಡುವವನ ಜಾಗ ಖಾಲಿಯಾಗಿದೆ ಎಂದು ಯಾರು ಹೇಳಿದರು? ನನಗೆ ಹೊಟ್ಟೆಕಿಚ್ಚಾಗಿದೆ. ಇದಕ್ಕೆ ಬೇರೆ ಚಂದದ ಹೆಸರು ಇಡಲು ನನಗೆ ಬರುವುದಿಲ್ಲ.

ಇನ್ನೂ ನಿನ್ನ ಮಗನೇ ಆಗಿರುವ
ಅನೀಶ


ಡೊಂಬಿವಲಿ ಪೂರ್ವ
15 ಡಿಸೆಂಬರ್ 2024

ಮಗಾ ಅನೀಶಾ,

ಕಾಗದ ಬಂತು. ಪೋಸ್ಟ್‌ಮ್ಯಾನ್ ನಮ್ಮ ಬಿಲ್ಡಿಂಗಿನಲ್ಲಿ ಕೈಯಿಂದ ವಿಳಾಸ ಬರೆದ ಲಕೋಟೆ ಕೊಡದೆ ವರ್ಷವಾಯಿತಂತೆ, ಮದುವೆಯ ವಿಷಯವೋ ಎಂದು ಕೇಳಿದ.

ಕೋಲ್ಡ್ ಸ್ಟೋರೇಜಿನ ಕೆಲಸ ಎಂದು ಅಪ್ಪಿಯ ಮಾವ ಹೇಳಿದರು. ಒಳಗೆ ಚಳಿ, ಹೊರಗೆ ಬಂದರೆ ಸೆಕೆ, ನಿನಗೆ ಮೊದಲೇ ಬೇಗ ಶೀತ. ತಲೆಗೆ ಏನಾದರೂ ಕಟ್ಟಿಕೋ. ಕಂಬಳಿ ಉಂಟಾ? ಅಪ್ಪಿಗೆ ಅಡುಗೆ ಬರುತ್ತದಾ, ಅಥವಾ ದಿನಾ ವಡಾಪಾವ್‌ನಲ್ಲೇ ಕಳೆಯುತ್ತೀರಾ?

ಕೀರ್ತನ್ ಮೇಲೆ ಸಿಟ್ಟು ಬೇಡ. ಅವನು ಒಳ್ಳೆಯ ಹುಡುಗ. ಹೆಬ್ರಿಯಿಂದ ಅಪ್ಪನನ್ನು ಚಿಕಿತ್ಸೆಗೆ ಕರೆದುಕೊಂಡು ಬಂದವನು, ಅಪ್ಪ ಇಲ್ಲೇ ವಾರ್ಡಿನಲ್ಲಿ ಹೋದರು. ಊರಿನಲ್ಲಿ ಅವನಿಗೆ ಯಾರಿದ್ದಾರೆ ಹೇಳು. ಈಗ ಹಗಲು ಕೊರಿಯರ್ ಆಫೀಸಿನಲ್ಲಿ ದುಡಿಯುತ್ತಾನೆ, ಉಳಿದ ಹೊತ್ತು ನನ್ನ ಜೊತೆ ಆಸ್ಪತ್ರೆಗೆ ಬರುತ್ತಾನೆ.

ನಾನು ಯಾಕೆ ಹೋಗುತ್ತೇನೆ ಎಂದು ನಿನಗೆ ಗೊತ್ತಿಲ್ಲದ್ದಲ್ಲ. ನಿನ್ನ ಅಪ್ಪನನ್ನು ಅಡ್ಮಿಟ್ ಮಾಡಿದಾಗ ನಾನು ಊರಿನಿಂದ ಬಂದು ಹೆಚ್ಚು ದಿನ ಆಗಿರಲಿಲ್ಲ. ಡಾಕ್ಟರು ಹಿಂದಿಯಲ್ಲಿ ಏನೋ ಕೇಳಿದರು. ನಾನು ತಲೆ ಆಡಿಸಿದೆ. ಯಾವುದಕ್ಕೆ ತಲೆ ಆಡಿಸಿದೆ ಎಂದು ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಊರಿನಿಂದ ಬಂದ ಇನ್ನೊಬ್ಬಳು ಹಾಗೆ ತಲೆ ಆಡಿಸಬಾರದು ಎಂದು, ಡಾಕ್ಟರ ಮಾತನ್ನು ಕನ್ನಡದಲ್ಲಿ ತಿಳಿಸಲು ಹೋಗುತ್ತೇನೆ, ಅಷ್ಟೆ.

ಸಭೆಯ ವಿಷಯ ಬೇಡ. ಆದದ್ದು ಆಯಿತು.

ಹೊತ್ತಿಗೆ ಸರಿಯಾಗಿ ಉಣ್ಣು.
ಅಮ್ಮ


ತುರ್ಭೆ
12 ಜನವರಿ 2025

ಅಮ್ಮಾ,

ಎರಡು ಪುಟ ಬರೆದಿದ್ದೀ. ನಾನು ಕೇಳಿದ ಒಂದು ಬಿಟ್ಟು ಎಲ್ಲವೂ ಇದೆ. ಕಂಬಳಿ ಇದೆ, ವಡಾಪಾವ್ ಇದೆ. ಸಭೆಯ ವಿಷಯ ಬೇಡವಂತೆ. ನನಗೆ ಅದೇ ಬೇಕು.

ಕೀರ್ತನ್ ಒಳ್ಳೆಯವನು ಎಂದು ನನಗೆ ಹೇಳಬೇಕಾಗಿಲ್ಲ. ಕೆಟ್ಟವನಾಗಿದ್ದರೆ ನನಗೆ ಇಷ್ಟು ಕಷ್ಟ ಇರಲಿಲ್ಲ, ಬೈದುಕೊಂಡು ಮಲಗಬಹುದಿತ್ತು. ನಾನು ಹತ್ತನೆಯಲ್ಲಿ ಶಾಲೆ ಬಿಟ್ಟೆ, ಅವನು ಕಾಲೇಜಿಗೆ ಹೋಗಿ ಪಾಸಾದ. ನಾನು ಒಂದು ಕೆಲಸದಲ್ಲಿ ಕೂರುವವನಲ್ಲ, ಅವನು ನಿನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರುತ್ತಾನೆ. ಅಂಗಡಿಯಲ್ಲಿ ನೋಡಿ ಆರಿಸಿಕೊಳ್ಳುವ ಹಾಗಿದ್ದರೆ ನಾನೂ ಅವನನ್ನೇ ಆರಿಸುತ್ತಿದ್ದೆ. ಮಕ್ಕಳನ್ನು ಹಾಗೆ ಆರಿಸುವುದಿಲ್ಲ ಎಂದು ತಿಳಿದಿದ್ದೆ.

ಇನ್ನೊಂದು ಮಾತು. ಥಾಣೆಯಲ್ಲಿ ಗಾಡಿ ಬದಲಿಸಿ ಖಾರ್ಘರ್‌ನ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಿಗೆ ತುರ್ಭೆ ತಪ್ಪಿಸಿ ಬೇರೆ ದಾರಿ ಇಲ್ಲ. ವಾರದಲ್ಲಿ ಕೆಲವು ಸಂಜೆ ನಿನ್ನ ಆಫೀಸ್ ಮುಗಿಸಿ, ಭಾನುವಾರ ಬೆಳಿಗ್ಗೆ, ನೀನು ನನ್ನ ಸ್ಟೇಷನ್ ದಾಟಿ ಹೋಗುತ್ತೀ. ಗಾಡಿ ಇಲ್ಲಿ ನಿಲ್ಲುತ್ತದೆ. ಬಾಗಿಲು ತೆರೆದೇ ಇರುತ್ತದೆ. ನಾನು ಕೆಲವು ಸಲ ಸೇತುವೆಯ ಮೇಲೆ ನಿಂತು ಲೇಡೀಸ್ ಡಬ್ಬಿಯನ್ನು ನೋಡುತ್ತೇನೆ. ಯಾರದೋ ಊರಿನ, ಯಾರದೋ ಮನೆಯ ಕಾಯಿಲೆ ನೋಡಲು ಮಗನ ಊರು ದಾಟಿ ಹೋಗುವ ಹೆಂಗಸು ಒಂದು ಸಲವಾದರೂ ಇಳಿಯಬಹುದಿತ್ತು.

ನೇರ ಕೇಳುತ್ತೇನೆ, ನೇರ ಹೇಳು. ಸಭೆಯಲ್ಲಿ ಕೀರ್ತನ್ ಹೆಸರು ಕರೆದೆಯಾ?

ಉತ್ತರ ಬರುವವರೆಗೆ ಮಾತಾಡದ
ಅನೀಶ


ಡೊಂಬಿವಲಿ ಪೂರ್ವ
2 ಫೆಬ್ರವರಿ 2025

ಅನೀಶ,

ನಾನು ಕೀರ್ತನ್. ಅಕ್ಕನಿಗೆ, ಅಂದರೆ ನಿನ್ನ ಅಮ್ಮನಿಗೆ, ಹೇಳದೆ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿಲ್ಲ, ಆದರೆ ಅದು ಬಂದಾಗಿನಿಂದ ಅಕ್ಕ ದಿನಾ ಒಗ್ಗರಣೆ ಸೀಯಿಸಿ ಕರಿ ಮಾಡುತ್ತಿದ್ದಾರೆ. ಕೇಳಿದೆ. ‘ಅವನಿಗೆ ವೀಡಿಯೊ ಸಿಕ್ಕಿದೆ’ ಎಂದರು.

ವೀಡಿಯೊ ಮಾಡಿದವರು ಚಪ್ಪಾಳೆ ಇದ್ದ ಭಾಗ ಮಾತ್ರ ಇಟ್ಟಿದ್ದಾರೆ. ಅದರ ಮೊದಲು ಆದದ್ದು ನೀನು ನೋಡಿಲ್ಲ. ಅಕ್ಕ ಮೂರನೆಯ ಮಾತಿಗೆ ಬಂದಾಗ ಹೇಳಿದ್ದು ನಿನ್ನ ಹೆಸರು. ‘ನನಗೆ ಅಪ್ಪಣೆ ಕೊಟ್ಟವನು ನನ್ನ ಮಗ ಅನೀಶ’ ಎಂದರು. ಯಾರೂ ಏಳಲಿಲ್ಲ. ಅಕ್ಕ ಬಾಗಿಲ ಕಡೆ ನೋಡುತ್ತ ನಿಂತರು. ಬರುತ್ತೀ ಎಂದುಕೊಂಡಿದ್ದರೋ ಏನೋ, ಬಾಯಿಬಿಟ್ಟು ಹೇಳಲಿಲ್ಲ. ಲೋಕನಾಥ ಮಾವ ಗಂಟಲು ಸರಿ ಮಾಡಿಕೊಂಡು, ಯಾರಾದರೂ ಏಳಬೇಕಲ್ಲ ದಮಯಂತಿ, ಹೋದ ವರ್ಷದ ಹಾಗೆ ಈ ಸಲವೂ ನಕ್ಕು ದಾಟಿಸಲು ನನ್ನಿಂದ ಆಗದು ಎಂದರು. ಅಕ್ಕ ಮೈಕ್ ಬಿಟ್ಟು ಇಳಿಯಲು ಹೊರಟರು. ಆಗ ನಾನು ಎದ್ದೆ. ಏಳು ಎಂದು ಯಾರೂ ಹೇಳಲಿಲ್ಲ. ಮರುದಿನ ವಾರ್ಡಿನಲ್ಲಿ ಅವರನ್ನು ಕಾಯುವವರಿದ್ದರು, ಅದು ಮಾತ್ರ ನನ್ನ ತಲೆಯಲ್ಲಿತ್ತು.

ಹೆಸರು ನಿನ್ನದು, ಎದ್ದವನು ನಾನು. ಇಷ್ಟೇ ನಡೆದದ್ದು.

ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಅಪ್ಪಿಯ ಮಾವನಿಂದ ತಿಳಿಯಿತು. ಅದರಲ್ಲಿ ನೀನು ಒಬ್ಬನೇ ಅಲ್ಲ ಮಾರಾಯ. ಅಕ್ಕ ನನಗೆ ಬಡಿಸಲು ಕರೆಯುವಾಗ ‘ಅನೀ’ ಎಂದು ಶುರು ಮಾಡಿ ‘ಕೀರ್ತನ್’ ಎಂದು ಮುಗಿಸುತ್ತಾರೆ. ನಾನು ಎರಡನೆಯ ಅರ್ಧಕ್ಕೆ ಹೋಗಿ ಕೂರುತ್ತೇನೆ.

ಕೀರ್ತನ್


ತುರ್ಭೆ
9 ಫೆಬ್ರವರಿ 2025

ಕೀರ್ತನ್,

ನಿಜ ಬರೆದದ್ದಕ್ಕೆ ನಿನ್ನ ಮೇಲೆ ಗೌರವ ಬಂತು. ಗೌರವ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮೊದಲು ಮಂಚ, ಆಮೇಲೆ ಶರ್ಟು. ಈಗ ನೋಡಿದರೆ ನನ್ನ ಹೆಸರನ್ನೂ ನೀನೇ ಹಾಕಿಕೊಂಡಿದ್ದೀ. ನೀನು ಏಳದಿದ್ದರೆ ಅಮ್ಮ ಆ ದಿನ ಹುದ್ದೆ ಬಿಟ್ಟು ವೇದಿಕೆಯಿಂದ ಇಳಿಯುತ್ತಿದ್ದಳು. ಅದು ನನಗೆ ಬೇಕಿತ್ತು. ವಾರ್ಡಿನಲ್ಲಿ ಯಾರು ಕಾಯುತ್ತಿದ್ದರು ಎಂದು ನಾನು ಯೋಚಿಸಿರಲಿಲ್ಲ, ನೀನು ಯೋಚಿಸಿದೆ. ನಿನ್ನ ಮೇಲಿನ ಕಿಚ್ಚಿಗೆ ಇದನ್ನೂ ಸೇರಿಸಿಕೋ.

‘ಅನೀ’ ಎಂದು ಶುರು ಮಾಡುತ್ತಾಳೆ ಎಂದೆಯಲ್ಲ. ಅದು ನನ್ನ ಸಮಾಧಾನಕ್ಕೆ ಬರೆದದ್ದು ಅಲ್ಲ ತಾನೇ? ಸುಳ್ಳಾದರೆ ಈಗಲೇ ತಿಳಿಸು. ನಾನು ಅದನ್ನು ಆಗಲೇ ನಂಬಿಬಿಟ್ಟಿದ್ದೇನೆ.

ಅನೀಶ


ಭಿವಂಡಿ
20 ಏಪ್ರಿಲ್ 2025

ಅಮ್ಮಾ,

ನನ್ನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಕೀರ್ತನ್ ಕೊಟ್ಟ. ನನ್ನ ಹೆಸರನ್ನೇ ಕರೆದೆ ಎಂದು ತಿಳಿದಾಗ ಒಂದು ದಿನ ಸಂತೋಷವಾಗಿತ್ತು. ಎರಡನೆಯ ದಿನ ಯೋಚನೆ ಬಂತು. ಈ ಸಲವೂ ನೀನು ನನ್ನನ್ನು ಕೇಳಿರಲಿಲ್ಲವಲ್ಲ. ಮನೆ ಬಿಟ್ಟು ಹೋದವನ ಅಪ್ಪಣೆ ನಿನಗೆ ಎಲ್ಲಿ ಸಿಕ್ಕಿತು?

ತುರ್ಭೆಯ ಕೆಲಸ ಬಿಟ್ಟೆ. ಕೊಳೆತ ಸೇಬಿನ ಪೆಟ್ಟಿಗೆಯ ಮೇಲೆ ಒಳ್ಳೆಯದರ ಚೀಟಿ ಅಂಟಿಸು ಎಂದರು. ನಾನು ಕೊಳ್ಳಲು ಬಂದವನಿಗೇ ಹೇಳಿಬಿಟ್ಟೆ. ಈಗ ಇಲ್ಲಿ ಗೋದಾಮಿನಲ್ಲಿದ್ದೇನೆ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಕೋಲ್ಡ್ ಸ್ಟೋರೇಜಿನ ನೆನಪಾಗುತ್ತದೆ.

ಹೋದ ಭಾನುವಾರ ಆಸ್ಪತ್ರೆಗೆ ಬಂದಿದ್ದೆ. ನಿನ್ನನ್ನು ನೋಡಲು ಬಂದೆ, ನಿನಗೆ ಕಾಣಿಸಿಕೊಳ್ಳಲು ಬರಲಿಲ್ಲ. ಔಷಧಿ ಅಂಗಡಿಯ ಸಾಲಿನಲ್ಲಿ ನಿಂತೆ. ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತವನನ್ನು ಯಾರೂ ಏನೂ ಕೇಳುವುದಿಲ್ಲ. ನೀನು ಬೆಂಚಿನ ಮೇಲೆ ಒಬ್ಬ ಹೆಂಗಸಿನ ಪಕ್ಕದಲ್ಲಿದ್ದೆ. ತಲೆಯ ಮೇಲೆ ಸೆರಗು, ಬಾಗಲಕೋಟೆಯ ಕಡೆಯವಳಿರಬೇಕು. ಡಾಕ್ಟರು ಹೇಳಿದ್ದನ್ನು ನೀನು ಅವಳಿಗೆ ಹೇಳುತ್ತಿದ್ದೆ. ಅವಳು ಕೇಳಿದ್ದನ್ನೇ ಕೇಳಿದಳು. ನೀನು ಹೇಳಿದ್ದನ್ನೇ ಹೇಳಿದೆ, ಪ್ರತಿ ಸಲ ಮೊದಲ ಸಲ ಹೇಳುವವಳ ಹಾಗೆ. ಕೊನೆಗೆ, ‘ಅವಸರ ಇಲ್ಲ ಅವ್ವಾ. ನಿಮ್ಮ ಮನಸ್ಸಿಗೆ ಬಂದರೆ ಮಾತ್ರ ಹೂಂ ಅನ್ನಿ’ ಎಂದೆ. ಅವಳು ನಿನ್ನ ಕೈ ಹಿಡಿದುಕೊಂಡಳು. ನೀನು ಬಿಡಿಸಿಕೊಳ್ಳಲಿಲ್ಲ. ನನ್ನ ಸಾಲು ಮುಂದೆ ಹೋಯಿತು. ಕೌಂಟರಿನವನು ಏನು ಬೇಕು ಎಂದ. ಏನೂ ಬೇಡ ಎಂದೆ.

ಶಾಲೆ ಬಿಡುತ್ತೇನೆ ಎಂದು ನಾನು ಹೇಳಿದ ದಿನ ನೀನು ಒಂದು ಸಲ ‘ಯಾಕೆ’ ಎಂದೆ. ನಾನು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ನೀನು ಚಪ್ಪಲಿ ಹಾಕಿಕೊಂಡಿದ್ದೆ. ಯಾರಿಗೋ ರಕ್ತ ಬೇಕಾಗಿತ್ತು.

ಕ್ಯಾನ್ಸರ್ ಬಂದವರನ್ನು ಕಂಡು ಹೊಟ್ಟೆಕಿಚ್ಚು ಪಡುವವನು ಈ ಮುಂಬಯಿಯಲ್ಲಿ ನಾನೊಬ್ಬನೇ ಇರಬೇಕು. ಬರೆಯಲು ನನಗೇ ಅಸಹ್ಯ. ಆದರೆ ಅವತ್ತು ಆ ಸಾಲಿನಲ್ಲಿ ನಿಂತು ನನಗೆ ಅನ್ನಿಸಿದ್ದು ಅದೇ.

ಅನೀಶ


ತುರ್ಭೆ
24 ಆಗಸ್ಟ್ 2025

ಅಮ್ಮಾ,

ನಾಲ್ಕು ತಿಂಗಳಾಯಿತು. ಬೈದಾದರೂ ಬರೆಯುತ್ತೀ ಎಂದುಕೊಂಡಿದ್ದೆ.

ಮತ್ತೆ ತುರ್ಭೆಗೆ ಬಂದೆ, ಅಪ್ಪಿಯ ರೂಮಿಗೇ. ಬೇರೆ ಕೋಲ್ಡ್ ಸ್ಟೋರೇಜು. ಇಲ್ಲಿ ಪೆಟ್ಟಿಗೆ ಎತ್ತುವ ಫೋರ್ಕ್‌ಲಿಫ್ಟ್ ಗಾಡಿ ಓಡಿಸಲು ಕಲಿಸುತ್ತಿದ್ದಾರೆ. ಗಣಪತಿಗೆ ಮನೆಗೆ ಬಾ ಎಂದು ಕೀರ್ತನ್ ಮೆಸೇಜ್ ಮಾಡಿದ. ಕರೆಯಬೇಕಾದವನು ಅವನಲ್ಲ ಎಂದು ಬರೆದೆ.

ಅನೀಶ


ಡೊಂಬಿವಲಿ ಪೂರ್ವ
2 ನವೆಂಬರ್ 2025

ಮಗಾ,

ನಿನ್ನ ಏಪ್ರಿಲ್‌ನ ಕಾಗದಕ್ಕೆ ಮೂರು ಸಲ ಉತ್ತರ ಬರೆದೆ. ಮೂರೂ ಸಲ ನಾನು ಮಾಡಿದ್ದೇ ಸರಿ ಎಂದು ಮುಗಿಯಿತು. ಹರಿದು ಹಾಕಿದೆ. ಆಮೇಲೆ ಗಣಪತಿ ಬಂತು, ದೀಪಾವಳಿ ಬಂತು, ನೀನು ಬರಲಿಲ್ಲ.

ತುರ್ಭೆಯಲ್ಲಿ ಇಳಿಯಲಿಲ್ಲ ಎಂದೆ. ಪ್ರತಿ ಸಲ ಬಾಗಿಲಿನ ಹತ್ತಿರ ಬಂದು ನಿಲ್ಲುತ್ತೇನೆ. ಇಳಿಯುವವರು ಮುಂದೆ ಹೋಗಿ ಎಂದು ದೂಡುತ್ತಾರೆ, ನಾನು ಪಕ್ಕಕ್ಕೆ ಸರಿಯುತ್ತೇನೆ. ನೀನು ಕರೆದಿರಲಿಲ್ಲ. ಕರೆಯದೆ ಬಂದರೆ ಮುಖ ತಿರುಗಿಸುತ್ತೀ ಎಂದು ಹೆದರಿಕೆ. ಆಸ್ಪತ್ರೆಯಲ್ಲಿ ಎಂಥವರ ಸಿಟ್ಟನ್ನೂ ಕೇಳಿಕೊಂಡು ಕೂರುತ್ತೇನೆ. ನಿನ್ನದು ಕೇಳುವ ಧೈರ್ಯ ಬರಲಿಲ್ಲ.

ಅಲ್ಲಿ ನನ್ನ ಕೆಲಸ ಒಂದೇ, ಅರ್ಥ ಆಗುವ ಹಾಗೆ ಹೇಳಿ ಒಪ್ಪಿಗೆ ಕೇಳುವುದು. ಪರವೂರಿನವರನ್ನು ಅಷ್ಟು ಸಮಾಧಾನದಿಂದ ಕೇಳುವವಳು ನನ್ನ ಮನೆಯಲ್ಲಿದ್ದವನನ್ನು ಒಂದು ಸಲವೂ ಕೇಳಲಿಲ್ಲ. ನೀನು ಹೂಂ ಎನ್ನುತ್ತೀ ಎಂದೇ ಇದ್ದೆ. ನಿನ್ನ ಅಪ್ಪನಿಲ್ಲದ ಮನೆಯಲ್ಲಿ ಸಂಜೆ ಕೂರಲು ನನಗೆ ಆಗುತ್ತಿರಲಿಲ್ಲ. ಆ ಮನೆಯಲ್ಲೇ ನೀನು ಕೂತಿರುತ್ತಿದ್ದೆ ಎಂದು ತಿಳಿಯಲು ಇಷ್ಟು ಕಾಲ ಬೇಕಾಯಿತು.

ಈ ತಿಂಗಳ ಇಪ್ಪತ್ತಮೂರಕ್ಕೆ ಪರಿಚಯ ಸಭೆ. ಕೇಳುತ್ತಿದ್ದೇನೆ. ಆಸ್ಪತ್ರೆ ಸೇವೆಗೆ ಹೋಗಲು ನನಗೆ ಅಪ್ಪಣೆ ಉಂಟಾ? ಇಲ್ಲ ಎಂದರೆ ನಾನು ವೇದಿಕೆ ಹತ್ತುವುದಿಲ್ಲ. ಕೀರ್ತನ್ ಇದ್ದಾನೆ, ಅವನು ನೋಡಿಕೊಳ್ಳುತ್ತಾನೆ. ನಿನ್ನ ಮನಸ್ಸಿಗೆ ಬಂದರೆ ಮಾತ್ರ ಹೂಂ ಅನ್ನು.

ಅಮ್ಮ


ತುರ್ಭೆ
9 ನವೆಂಬರ್ 2025

ಅಮ್ಮಾ,

ಕೇಳದೆ ಇದ್ದಾಗ ಇಲ್ಲ ಎನ್ನುವುದು ಸುಲಭವಿತ್ತು. ಈಗ ಕೇಳಿದ್ದೀ, ಕಾಗದ ಬಂದಾಗಿನಿಂದ ನನಗೆ ತಲೆನೋವು.

ಇಲ್ಲ ಎಂದರೆ ನೀನು ಬಿಡುತ್ತೀ, ನನಗೆ ಗೊತ್ತು. ಆಮೇಲೆ ಮನೆಯಲ್ಲಿ ಕೂತು ಒಗ್ಗರಣೆ ಕರಿ ಮಾಡುತ್ತೀ. ಕೀರ್ತನ್ ಪ್ರಮುಖನಾಗುತ್ತಾನೆ, ಎಲ್ಲರೂ ಅವನನ್ನು ಹೊಗಳುತ್ತಾರೆ. ಅದು ನನಗೆ ಬೇಡವೇ ಬೇಡ. ಹೂಂ ಎಂದರೆ ಮೊದಲಿನ ಹಾಗೇ ಎಲ್ಲ. ಅದೂ ಬೇಡ.

ಆದ್ದರಿಂದ ಪೂರ್ತಿ ಕೊಡುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ಅಪ್ಪಣೆ ಇದೆ. ಭಾನುವಾರಕ್ಕೆ ಇಲ್ಲ. ಭಾನುವಾರ ನನ್ನದು. ಆಫೀಸಿಗೆ ರಜೆ ಎಂದು ನೀನು ಇಡೀ ದಿನ ಅವರಿಗೆ ಕೊಡುವುದು ಅದೊಂದನ್ನೇ, ಅದಕ್ಕೇ ನನಗೆ ಅದು ಬೇಕು. ಹೇಗೂ ಗಾಡಿ ಹತ್ತುತ್ತೀ, ತುರ್ಭೆಯಲ್ಲಿ ಇಳಿ. ಫೋನು ಕೀರ್ತನ್ ಕೈಯಲ್ಲಿ ಕೊಟ್ಟು ಬಾ. ನನ್ನ ವಾರದ ರಜೆ ಈಗ ಬುಧವಾರ, ಸಭೆಯ ಮುಂದಿನ ವಾರದಿಂದ ಭಾನುವಾರಕ್ಕೆ ಬದಲಿಸಿಕೊಂಡಿದ್ದೇನೆ. ಸಭೆಯ ದಿನ ಡ್ಯೂಟಿ ಇದೆ, ಬರುವುದಿಲ್ಲ.

ಇದು ನಿಮ್ಮ ನಿಯಮಕ್ಕೆ ಹೊಂದದಿದ್ದರೆ ನಿಯಮವನ್ನು ಕೇಳು, ನನ್ನನ್ನಲ್ಲ.

ಕರೆಯುತ್ತಿರುವ
ಅನೀಶ


ಡೊಂಬಿವಲಿ ಪೂರ್ವ
24 ನವೆಂಬರ್ 2025

ಅನೀಶ,

ನಿನ್ನೆ ನಡೆದದ್ದು ಅಕ್ಕ ನಿನಗೆ ಪೂರ್ತಿ ಹೇಳುವುದಿಲ್ಲ, ಅದಕ್ಕೆ ನಾನು.

ಮೊದಲು ಗ್ರಂಥಾಲಯದ ಲಕ್ಷ್ಮೀಕಾಂತ ಮಾವ ಬಂದರು. ಪುಸ್ತಕ ವಾಪಸು ಕೊಡದವರ ಮೇಲೆ ಭಾಷಣ ಮಾಡಿ, ಅಪ್ಪಣೆ ಕೊಟ್ಟವರು ಹೆಂಡತಿ ಅನಸೂಯಾ ಎಂದರು. ಅತ್ತೆ ಎದ್ದು, ‘ಅಪ್ಪಣೆ ಏನು ಬಂತು, ಮನೆಯಿಂದ ಎದ್ದು ಹೋದರೆ ಸಾಕಾಗಿದೆ’ ಎಂದರು. ಜನ ನಕ್ಕರು. ಆಮೇಲೆ ಅಕ್ಕನ ಸರದಿ.

ಅಕ್ಕ ನಿನ್ನ ಕಾಗದ ತೆಗೆದು ‘ಪೂರ್ತಿ ಕೊಡುವುದಿಲ್ಲ’ ಎಂಬಲ್ಲಿಂದ ಓದಿದರು. ನಿಯಮವನ್ನು ಕೇಳು ಎಂಬ ಸಾಲನ್ನೂ ಬಿಡಲಿಲ್ಲ. ಲೋಕನಾಥ ಮಾವ, ಅಪ್ಪಣೆ ಕೊಟ್ಟವರು ಎದ್ದು ನಿಲ್ಲಬೇಕು, ಆರು ದಿನದ ಅಪ್ಪಣೆ ಎಂಬುದು ಇಲ್ಲಿವರೆಗೆ ಇಲ್ಲ ಎಂದರು. ಅಕ್ಕ ಹೇಳಿದರು: ‘ಇಷ್ಟು ವರ್ಷ ಅವನು ಎದ್ದು ನಿಂತದ್ದು ನಾನು ಕೇಳದೆ. ಈಗ ಕೇಳಿದ ಮೇಲೆ ಇಷ್ಟು ಕೊಟ್ಟಿದ್ದಾನೆ. ಇದು ಸಾಲದಿದ್ದರೆ ನಾನು ಇಳಿಯುತ್ತೇನೆ.’

ಅಷ್ಟರಲ್ಲಿ ಅನಸೂಯಾ ಅತ್ತೆ ಮತ್ತೆ ಎದ್ದರು. ಹಾಗೆ ಕೊಡಬಹುದು ಎಂದು ಗೊತ್ತಿರಲಿಲ್ಲ, ಹಾಗಾದರೆ ತನ್ನದು ನಾಲ್ಕೇ ದಿನ ಎಂದರು. ಈ ಸಲ ಅವರು ನಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಲೋಕನಾಥ ಮಾವನ ಹೆಂಡತಿ ಗಂಡನನ್ನೇ ನೋಡುತ್ತ ಕೂತಿದ್ದರು. ಮಾವ ಬೇಗ ಬೇಗ, ಆಗಲಿ, ಬರೆದು ಕೊಟ್ಟದ್ದು ಎದ್ದು ನಿಂತದ್ದಕ್ಕೆ ಸಮ ಎಂದು ಮುಗಿಸಿದರು.

ಭಾನುವಾರ ನಾನು ನೋಡಿಕೊಳ್ಳುತ್ತೇನೆ. ನನ್ನ ಅಪ್ಪಣೆಯನ್ನು ಯಾರೂ ಕೇಳಲಿಲ್ಲ ಎಂದು ಬರೆಯಬೇಕೆಂದಿದ್ದೆ. ಆದರೆ ಮನೆಗೆ ಬಂದ ಕೂಡಲೇ ಅಕ್ಕ ಕೇಳಿದರು. ನಿನಗೆ ಇದೂ ಕಿಚ್ಚಾಗಬಹುದು, ಆದರೂ ಹೇಳಿದೆ.

ಕೀರ್ತನ್


ಡೊಂಬಿವಲಿ ಪೂರ್ವ
1 ಡಿಸೆಂಬರ್ 2025

ಮಗಾ,

ನಿನ್ನೆ ನಿನ್ನ ರೂಮಿನಲ್ಲಿ ಊಟ ಮಾಡಿ ಹಾಗೇ ಒರಗಿದವಳು ಸಂಜೆವರೆಗೆ ಮಲಗಿಬಿಟ್ಟೆ. ನೀನು ದಿನ ಕಾದಿಟ್ಟೆ, ನಾನು ನಿದ್ದೆ ಮಾಡಿದೆ. ಅಂಥ ನಿದ್ದೆ ಬಂದು ಎಷ್ಟು ಕಾಲವಾಯಿತೋ. ಎಬ್ಬಿಸಬಾರದಿತ್ತಾ?

ಒಂದು ವಿಷಯ ಮುಚ್ಚಿಡುವುದು ಸರಿಯಲ್ಲ ಎಂದು ಬರೆಯುತ್ತಿದ್ದೇನೆ. ರಾಣೆಬೆನ್ನೂರಿನ ಒಬ್ಬ ಅಜ್ಜನಿಗೆ ಇವತ್ತು ಆಪರೇಷನ್ ಇತ್ತು. ನಿನ್ನೆ ಅವರ ಸಹಿ ಬೇಕಿತ್ತು. ಕೀರ್ತನ್ ಎಲ್ಲ ತಿಳಿಸಿ ಹೇಳಿದ್ದಾನೆ, ನನಗಿಂತ ಚೆನ್ನಾಗಿಯೇ ಹೇಳಿರುತ್ತಾನೆ. ಅಜ್ಜ ಮಾತ್ರ ಅಕ್ಕ ಬರಲಿ ಎಂದು ಕೂತರಂತೆ. ಸರದಿ ತಪ್ಪಿತು. ಇನ್ನು ಹತ್ತು ದಿನಕ್ಕೆ ಹೋಗಿದೆ. ಅಷ್ಟು ದಿನ ಆ ನೋವು ಅವರಿಗೆ ಇರುತ್ತದೆ.

ಇದನ್ನು ನಿನ್ನ ಮೇಲೆ ಹಾಕುತ್ತಿಲ್ಲ. ಭಾನುವಾರ ನಿನ್ನದು, ನಾನು ಒಪ್ಪಿದ್ದು. ಮುಂದಿನ ವಾರವೂ ಬರುತ್ತೇನೆ.

ಅಮ್ಮ


ತುರ್ಭೆ
6 ಡಿಸೆಂಬರ್ 2025

ಅಮ್ಮಾ,

ನಾಳೆ ನೀನು ಬರುತ್ತೀ. ಇದನ್ನು ಬಾಯಿಯಲ್ಲಿ ಹೇಳಲು ನನ್ನಿಂದಾಗುವುದಿಲ್ಲ. ಹೊರಡುವಾಗ ನಿನ್ನ ಚೀಲಕ್ಕೆ ಹಾಕುತ್ತೇನೆ. ಮನೆಗೆ ಹೋಗಿ ಓದು.

ಅಜ್ಜನ ವಿಷಯ ಓದಿ ಮೊದಲು ಬಂದದ್ದು ಸಿಟ್ಟು. ಎಲ್ಲಿದ್ದರೂ ನಿನ್ನನ್ನು ಎಳೆದುಕೊಳ್ಳಲು ಒಬ್ಬರಾದರೂ ಇರುತ್ತಾರಲ್ಲ ಎಂದು. ಎರಡು ದಿನ ಆ ಸಿಟ್ಟಿನಲ್ಲೇ ಫೋರ್ಕ್‌ಲಿಫ್ಟ್ ಓಡಿಸಿ ಒಂದು ಗೋಡೆಗೆ ಗುದ್ದಿದೆ. ಆಮೇಲೆ ಅವರ ನೋವಿನ ಯೋಚನೆ ಬಂತು. ಅದು ನನ್ನಿಂದ ಆದದ್ದಲ್ಲ ಎಂದು ನೀನು ಬರೆದಿದ್ದೀ. ಸ್ವಲ್ಪ ನನ್ನಿಂದಲೂ ಆದದ್ದು. ಆದರೂ ಭಾನುವಾರ ವಾಪಸು ಕೊಡಲಾರೆ.

ನೀನು ಮಲಗಿದ್ದಾಗ ಅಪ್ಪಿ ಪಾತ್ರೆ ಸದ್ದು ಮಾಡಿದ, ಅವನನ್ನು ಹೊರಗೆ ಕಳಿಸಿದೆ. ಮಾತಾಡಲು ಎಷ್ಟೋ ಇಟ್ಟುಕೊಂಡಿದ್ದೆ. ಶಾಲೆಯನ್ನು ಯಾಕೆ ಬಿಟ್ಟೆ ಎಂಬುದೂ ಇತ್ತು. ನೀನು ಗೋಡೆಯ ಕಡೆ ತಿರುಗಿ ಮಲಗಿದ್ದೆ, ನಿನ್ನ ಕೂದಲು ಹಿಂದೆ ಇಷ್ಟು ಬೆಳ್ಳಗಾದದ್ದು ನಾನು ನೋಡಿರಲಿಲ್ಲ. ಕೊನೆಗೆ ನಿನ್ನ ನಿದ್ದೆಯ ಮೇಲೂ ಹೊಟ್ಟೆಕಿಚ್ಚು ಬಂತು. ನನಗೆ ಕೊಟ್ಟ ದಿನವನ್ನು ಅದು ತಿಂದಿತ್ತು. ಆದರೆ ಎಬ್ಬಿಸಲು ಕೈ ಬರಲಿಲ್ಲ.

ಬರುವ ಹದಿನಾಲ್ಕರಿಂದ ಹೀಗೆ ಮಾಡು. ಬೆಳಿಗ್ಗೆ ನೇರ ಆಸ್ಪತ್ರೆಗೆ ಹೋಗು. ಅಜ್ಜನ ಹಾಗೆ ನಿನ್ನನ್ನೇ ಬೇಕು ಎಂದು ಕೂತವರಿದ್ದರೆ ಅವರನ್ನು ನೋಡು. ವಾಪಸು ಬರುವ ಗಾಡಿಯಲ್ಲಿ ಇಲ್ಲಿ ಇಳಿ. ನನ್ನ ಭಾನುವಾರ ಇನ್ನು ಮುಂದೆ ಮಧ್ಯಾಹ್ನದ ಊಟದಿಂದ ಶುರು.

ಇದನ್ನು ಮನಸ್ಸಿಲ್ಲದೆ ಕೊಡುತ್ತಿದ್ದೇನೆ. ಮಗ ಸಂತೋಷದಿಂದ ಕೊಟ್ಟ ಎಂದು ಸಮಾಜದಲ್ಲಿ ಹೇಳಿಕೊಂಡು ತಿರುಗಬೇಡ.

ಅನೀಶ